ನಡು ಖಾಲಿ ಬಿಟ್ಟ ಆರು ಹೂವು

ಜನವರಿ 14

ಅಕ್ಕನಿಗೆ ನಮಸ್ಕಾರಗಳು.

ಸಮಸ್ತ ಲೋಕದ ಗಮನಕ್ಕೆ: ಇಂದು ಬೆಳಿಗ್ಗೆ ಎಂಟು ಗಂಟೆ ಹದಿನೇಳು ನಿಮಿಷಕ್ಕೆ ಸರಿಯಾಗಿ, ನಮ್ಮ ಅಡುಗೆಮನೆಯ ಕಿಟಕಿಯಲ್ಲಿ, ಹಳೆಯ ಬಣ್ಣದ ಡಬ್ಬಿಯೊಳಗೆ ಮೂರು ವರ್ಷಗಳಿಂದ ಮುಷ್ಕರ ಹೂಡಿ ಕೂತಿದ್ದ ಗುಲಾಬಿ ಗಿಡವು ಒಂದು ಮೊಗ್ಗನ್ನು ಬಿಡುಗಡೆ ಮಾಡಿರುತ್ತದೆ. ಗಾತ್ರ: ಕಡಲೆಕಾಳಿನಷ್ಟು. ಬಣ್ಣ: ಸದ್ಯಕ್ಕೆ ಗೋಪ್ಯ. ಈ ಐತಿಹಾಸಿಕ ಘಟನೆಯ ಕಾರಣ ನಾನು ಕಚೇರಿಗೆ ಇಪ್ಪತ್ತು ನಿಮಿಷ ತಡವಾಗಿ ಹೋದೆ. ವಿಳಾಸ ಅಳಿಸಿಹೋದ ಪಾರ್ಸೆಲ್‌ಗಳ ವಿಭಾಗದಲ್ಲಿ ಇಪ್ಪತ್ತು ನಿಮಿಷ ತಡವಾದರೆ ಯಾರ ಗಂಟೂ ಹೋಗುವುದಿಲ್ಲ. ಅಲ್ಲಿನ ಪಾರ್ಸೆಲ್‌ಗಳು ಆರು ವರ್ಷದಿಂದ ಕಾಯುತ್ತಿವೆ.

ನನ್ನ ಹೆಂಡತಿ ಮೊಗ್ಗಿನ ಹತ್ತಿರ ಮೂಗು ತಂದು ನೋಡಿ, "ಅದು ಮೊಗ್ಗಲ್ಲ ರೀ, ಹುಳ ಗೂಡು ಕಟ್ಟಿದೆ" ಎಂದಳು. ಹೊಟ್ಟೆಕಿಚ್ಚು, ಬೇರೇನಲ್ಲ.

ಹೂವಿನ ವಿಷಯದಲ್ಲಿ ನಮ್ಮ ವಂಶಕ್ಕೆ ನೀನೊಬ್ಬಳೇ ಗತಿಯೆಂದು ಇಷ್ಟು ದಿನ ಎಲ್ಲರೂ ನಂಬಿದ್ದರು. ನೀನು ಮಾತು ಕಲಿಯುವ ಮೊದಲೇ ಇದ್ದಿಲು ಹಿಡಿದು ಗೋಡೆ ತುಂಬ ಹೂ ಬಿಡಿಸಿದೆ ಎಂದು ಅಮ್ಮ ಹೇಳುತ್ತಿದ್ದಳು. ಅಲ್ಲಿಗೆ ನಿಲ್ಲಿಸಿದೆಯಾ? ನಾನು ಕೈ ಮುರಿದುಕೊಂಡಾಗ ಹಾಕಿದ ಬಿಳಿ ಪಟ್ಟಿಯ ಮೇಲೂ ಬಿಡಿಸಿದೆ. ಶಾಲೆಯಲ್ಲಿ ಆ ವರ್ಷವಿಡೀ ನನಗೆ 'ಹೂದಾನಿ' ಎಂದು ಹೆಸರಾಯಿತು. ಆ ಅಪಮಾನವನ್ನು ನಾನು ಇನ್ನೂ ಮರೆತಿಲ್ಲ, ಪಟ್ಟಿಯನ್ನೂ ಬಿಸಾಡಿಲ್ಲ.

ನಿನ್ನ ಪಿಂಗಾಣಿ ಕಾರ್ಖಾನೆ ಹೇಗಿದೆ? ನೀನು ಬಟ್ಟಲುಗಳ ಮೇಲೆ ಬರೆಯುವ ಹದಿನೇಳನೇ ನಮೂನೆ ಕ್ಷೇಮವೇ? ಒಂದು ಮೊಗ್ಗು, ಮೂರು ಎಲೆ, ಕೆಳಗೊಂದು ಚುಕ್ಕಿ. ಲೋಕದಲ್ಲಿ ಅರ್ಧ ಜನ ಅದರಲ್ಲೇ ಟೀ ಕುಡಿದು ಕಣ್ಮುಚ್ಚಿದ್ದಾರೆ.

ಇಂತಿ,
ಮೊಗ್ಗಿನ ತಂದೆ, ನಿನ್ನ ತಮ್ಮ


ಫೆಬ್ರವರಿ 3

ಮೊದ್ದು,

ಕಡಲೆಕಾಳಿಗೆ ಎರಡು ಪುಟ ಬರೆದಿದ್ದೀಯ, ಹೂ ಅರಳಿದರೆ ನಿಮ್ಮ ಊರಿನಲ್ಲಿ ಕಾಗದ ಉಳಿಯುವುದಿಲ್ಲ. ನಿನ್ನ ಹೆಂಡತಿಯ ಮಾತನ್ನು ತಳ್ಳಿಹಾಕಬೇಡ. ಎಲೆಯ ಹಿಂಭಾಗ ತಿರುಗಿಸಿ ನೋಡು.

ಈಗ ನನ್ನ ಸುದ್ದಿ. ನಿಂತಿದ್ದರೆ ಕೂತುಕೋ.

ನಮಗೆ ಹೊಸ ಮ್ಯಾನೇಜರ್ ಬಂದಿದ್ದಾರೆ. ವಯಸ್ಸು ಚಿಕ್ಕದು, ಟೈ ದೊಡ್ಡದು. ಕಳೆದ ಸೋಮವಾರ ಮೇಜು ಮೇಜಿಗೂ ಬಂದರು. ನನ್ನ ಮುಂದೆ ನಿಂತು, "ನಲವತ್ತೊಂದು ವರ್ಷದಿಂದ ಇದೇ ಮೊಗ್ಗು ಬರೀತಿದ್ದೀರಂತೆ, ಹೌದಾ?" ಎಂದರು. "ಹೌದು ಸಾರ್, ಇನ್ನೂ ಅರಳಿಲ್ಲ" ಎಂದೆ. ಬಾಯಿ ತಪ್ಪಿ ಬಂತು. ಪಕ್ಕದ ಮೇಜಿನ ಚಿನ್ನದಂಚಿನವಳು (ಬಟ್ಟಲುಗಳ ಕಂಠಕ್ಕೆ ಚಿನ್ನದ ಗೆರೆ ಎಳೆಯುವವಳು, ಹಾಗಾಗಿ ನಮಗೆಲ್ಲ ಅವಳು ಚಿನ್ನದಂಚು) ಗೆರೆ ತಪ್ಪಿಸಿಕೊಂಡಳು. ಅವರು ಮಾತ್ರ ನಕ್ಕುಬಿಟ್ಟರು. ನಗುವುದು ಮುಗಿಸಿ ಹೇಳಿದರು: "ಹಾಗಾದ್ರೆ ಅರಳಿಸಿ. ಆರು ಬಟ್ಟಲು, ನಿಮ್ಮದೇ ಹೂವು. ಆಗಸ್ಟ್ ಇಪ್ಪತ್ತಕ್ಕೆ ವ್ಯಾಪಾರಸ್ಥರೆಲ್ಲ ಬರ್ತಾರೆ, ಮೊದಲನೇ ಗಾಜಿನ ಕಪಾಟಲ್ಲಿಡೋಣ. ತಳದಲ್ಲಿ ನಿಮ್ಮ ಹೆಸರು."

ನನ್ನ ಹೆಸರು, ಮೊದ್ದು. ಇಷ್ಟು ವರ್ಷ ತಳದಲ್ಲಿ ಕಾರ್ಖಾನೆಯ ಮುದ್ರೆ ಒಂದೇ. ನಾನು ಬರೆದ ಬಟ್ಟಲನ್ನು ನಾನೇ ಅಂಗಡಿಯಲ್ಲಿ ಕಂಡರೂ ಗುರುತು ಹೇಳಿಕೊಳ್ಳುವಂತಿರಲಿಲ್ಲ.

ನಮೂನೆ ಪುಸ್ತಕದ ಹೂವಿಗೆ ಬೆಳಿಗ್ಗೆ ಒಂಬತ್ತು ಗಂಟೆ ಬಿಟ್ಟರೆ ಬೇರೆ ಹೊತ್ತು ಗೊತ್ತಿಲ್ಲ. ನಾನು ಬರೆಯುವುದು ಬೇರೆ. ಸಂಜೆ ನಾಲ್ಕಕ್ಕೆ ಒಂದು ದಳ ಉದುರಿಸಿ ಕೂತ ಗಸಗಸೆ ಹೂವು. ಬಸವನಹುಳು ಅಂಚು ತಿಂದ ಡೇಲಿಯಾ. ಬಿಸಿಲಿಗೆ ಬೆನ್ನು ತಿರುಗಿಸಿದ ಮೊಂಡ ಸೂರ್ಯಕಾಂತಿ. ಆರೂ ಹೂವುಗಳ ಕರಡು ಈ ಕಾಗದದ ಜೊತೆ ಇದೆ, ನೋಡಿ ಬರೆ. ಮುಲಾಜು ಬೇಡ.

ನಾವು ಕೂತು ಬರೆಯುವ ಕೋಣೆಯ ದೀಪಗಳು ಯಾಕೋ ಸೊರಗಿವೆ. ಮೇಜನ್ನು ಕಿಟಕಿಯ ಹತ್ತಿರ ಎಳೆಸಿಕೊಂಡಿದ್ದೇನೆ. ತಪಾಸಣೆಯವನು ಕಳೆದ ವಾರ ನನ್ನ ಐದು ಬಟ್ಟಲು ಹಿಂದಕ್ಕೆ ಕಳಿಸಿದ, ಮೊಗ್ಗಿನ ಕೆಳಗಿನ ಚುಕ್ಕಿ ಜಾಗದಲ್ಲಿಲ್ಲವಂತೆ. ಪಾಪ, ಅವನಿಗೆ ಮದುವೆ ಗೊತ್ತಾಗಿದೆ. ತಲೆ ನೆಟ್ಟಗಿಲ್ಲ.

ಅಕ್ಕ


ಮಾರ್ಚ್ 1

ಅಕ್ಕ,

ಕರಡು ಬಂತು. ಕಚೇರಿಯ ಮೇಜಿನ ಮೇಲೆ ಹರಡಿದೆ, ಕನ್ನಡಕ ಒರೆಸಿಕೊಂಡೆ, ಎದ್ದು ನಿಂತೆ. ಗುಮಾಸ್ತರೆಲ್ಲ ರಾಷ್ಟ್ರಗೀತೆ ಶುರುವಾಯಿತೇನೋ ಎಂದು ತಾವೂ ಎದ್ದರು.

ಆರು ಹೂವು, ಆರರಲ್ಲೂ ನಡುವೇ ಇಲ್ಲ! ದಳಗಳೇನೋ ಈಗ ತಾನೇ ಗಾಳಿ ಬೀಸಿದ ಹಾಗಿವೆ. ಆದರೆ ಒಳಗೆ, ಕೇಸರ ಇರಬೇಕಾದಲ್ಲಿ ಬರೀ ಬಿಳಿ ಕಾಗದ. ಕೇಸರದ ಚುಕ್ಕಿಗಳೆಲ್ಲ ಮನೆ ಬಿಟ್ಟು ಬಂದು ಕಾಂಪೌಂಡಿನ ಮೇಲೆ ಸಾಲಾಗಿ ಕೂತಿವೆ, ಒಳಗೆ ಯಾರೋ ಬೇಡದ ನೆಂಟರು ಬಂದ ಹಾಗೆ. ಅಬ್ಬಾ, ಎಂಥ ಧೈರ್ಯ! ನಲವತ್ತೊಂದು ವರ್ಷ ಹೇಳಿದ ಜಾಗದಲ್ಲಿ ಹೇಳಿದ ಚುಕ್ಕಿ ಇಟ್ಟವಳು ಒಂದೇ ಏಟಿಗೆ ಹೂವಿನ ಹೊಟ್ಟೆಯನ್ನೇ ಖಾಲಿ ಮಾಡಿಬಿಟ್ಟೆ. ನೋಡಿದವನು ತನ್ನ ಹೂವನ್ನು ತಾನೇ ತುಂಬಿಸಿಕೊಳ್ಳಲಿ ಅಂತ ತಾನೆ? ನಾನು ಗಸಗಸೆ ಹೂವನ್ನು ಅರ್ಧ ಗಂಟೆ ನೋಡಿದೆ. ತಮಾಷೆಯಲ್ಲ ಅಕ್ಕ.

ಕಲೆಯ ವಿಷಯದಲ್ಲಿ ಮೇಜುಹಾಸಿನಿಂದ ಮುಂದಕ್ಕೆ ಹೋಗದ ನನ್ನ ಹೆಂಡತಿ ಕಾಗದವನ್ನು ಹತ್ತಿರ ಹಿಡಿದಳು, ದೂರ ಹಿಡಿದಳು. "ಇದು ಸ್ಟೈಲೂ ಅಲ್ಲ ಗೀಲೂ ಅಲ್ಲ ರೀ. ಅತ್ತಿಗೆಗೆ ಕಣ್ಣು ತೋರಿಸಿಕೊಳ್ಳೋಕೆ ಬರೀರಿ" ಎಂದಳು. ಅವಳನ್ನು ಕ್ಷಮಿಸಿದ್ದೇನೆ, ನೀನೂ ಕ್ಷಮಿಸು.

ಖಾಲಿಯನ್ನು ಮಾತ್ರ ಬಿಡಬೇಡ. ಬಟ್ಟಲ ಮೇಲೂ ಹೀಗೇ ಬರಲಿ.

ತಮ್ಮ


ಏಪ್ರಿಲ್ 12

ಮೊದ್ದು,

ಬರೆಯುವುದು ತಡವಾಯಿತು. ಕೆಲಸ.

ಹೌದು, ಬೇಕಂತಲೇ ಬಿಟ್ಟದ್ದು.

ಈಗ ನೀನು ದೊಡ್ಡ ವಿಮರ್ಶಕನಲ್ಲವೇ, ಅದಕ್ಕೆ ಒಂದು ಕೆಲಸ ವಹಿಸುತ್ತೇನೆ. ಆರು ಹೂವಿನಲ್ಲೂ ಚುಕ್ಕಿಗಳು ಎಲ್ಲಿ ಬಿದ್ದಿವೆ, ಸರಿಯಾಗಿ ಬರೆ. ನಡುವಿನಿಂದ ಎಡಕ್ಕೋ, ಬಲಕ್ಕೋ, ಎಷ್ಟು ದೂರ. ಕಡ್ಡಿ ಇಟ್ಟು ಅಳೆದು ಬರೆ. ಎಲ್ಲವೂ ಒಂದೇ ಕಡೆಗೆ ಬಿದ್ದಿವೆಯೋ, ಅಥವಾ ಒಂದೊಂದೂ ಒಂದೊಂದು ಕಡೆಗೋ? ಇದು ಮುಖ್ಯ. ಯಾಕೆ ಎಂದು ಕೇಳಬೇಡ. ಕಲೆ.

ಅಕ್ಷರವನ್ನು ಸ್ವಲ್ಪ ದೊಡ್ಡದಾಗಿ ಬರೆ, ಕಪ್ಪು ಶಾಯಿಯಲ್ಲಿ. ಶಾಯಿ ಉಳಿಸುವ ರೋಗ ನಿನಗೆ ಕಚೇರಿಯಿಂದ ಹತ್ತಿದ್ದು, ನನ್ನ ಹತ್ತಿರ ಬೇಡ.

ಕರಡನ್ನು ಯಾರಿಗೂ ತೋರಿಸಬೇಡ. ಯಾರಿಗೂ ಅಂದರೆ ಯಾರಿಗೂ.

ಅಕ್ಕ


ಏಪ್ರಿಲ್ 25

ಅಕ್ಕ,

ಆಜ್ಞೆಯಂತೆ ಅಕ್ಷರಗಳನ್ನು ಕುಂಬಳಕಾಯಿಯಷ್ಟು ಮಾಡಿದ್ದೇನೆ. ಒಂದು ಪುಟಕ್ಕೆ ಒಂಬತ್ತು ಸಾಲು. ಅಂಚೆಯವನು ಲಕೋಟೆಯನ್ನು ಕೈಯಲ್ಲಿ ತೂಗಿ ನೋಡಿ, ಒಳಗೆ ಇಟ್ಟಿಗೆ ಇದೆಯೇ ಎಂದು ಕೇಳಿದ.

ಸರ್ವೆ ವರದಿ. ಗಸಗಸೆ: ಬಲಕ್ಕೆ, ಎರಡು ಅಕ್ಕಿಕಾಳಿನಷ್ಟು ದೂರ. ಡೇಲಿಯಾ: ಬಲಕ್ಕೆ, ಎರಡು ಅಕ್ಕಿಕಾಳು. ಸೂರ್ಯಕಾಂತಿ: ಬಲಕ್ಕೆ ಎರಡು, ಕೂದಲೆಳೆಯಷ್ಟು ಕೆಳಗೆ. ಉಳಿದ ಮೂರೂ ಹಾಗೆಯೇ. ಎಲ್ಲರೂ ಒಂದೇ ಕಡೆಗೆ ಗುಳೆ ಹೊರಟಿದ್ದಾರೆ. ಶಿಸ್ತು ಎಂದರೆ ಇದು.

ಯಾರಿಗೂ ತೋರಿಸಬೇಡ ಎಂಬ ನಿನ್ನ ಆಜ್ಞೆ ಹತ್ತು ದಿನ ತಡವಾಗಿ ಬಂತು. ಇದಕ್ಕಿಂತ ಹೆಚ್ಚು ಬಾಯಿ ಬಿಡುವುದಿಲ್ಲ. ಒಂದು ಸಣ್ಣ ಕೆಲಸ ಮಾಡಿದ್ದೇನೆ, ಕೈಗೂಡಿದರೆ ನೀನೇ ನನಗೆ ಕಾಗದ ಬರೆದು ಕುಣಿಯುತ್ತೀಯ.

ತಮ್ಮ


ಜೂನ್ 9

ನನ್ನ ಜಾಣ ಮೊದ್ದು,

ನಾಲ್ಕು ಬಟ್ಟಲು ಮುಗಿದವು! ಭಟ್ಟಿಯಿಂದಲೂ ಸುಸೂತ್ರವಾಗಿ ಹೊರಬಂದವು, ಒಂದೂ ಬಿರುಕು ಬಿಟ್ಟಿಲ್ಲ.

ನಡು ಖಾಲಿ ಬಿಡುವ ವಿಚಾರ ಕೈಬಿಟ್ಟೆ. ಬೇಸರಿಸಬೇಡ. ನಿನ್ನ ಅಕ್ಕಿಕಾಳಿನ ಲೆಕ್ಕ ಇಟ್ಟುಕೊಂಡು, ಎಲ್ಲಿ ಚುಕ್ಕಿ ಬೇಕೋ ಅಲ್ಲಿಂದ ಎರಡು ಕಾಳು ಎಡಕ್ಕೆ ಗುರಿ ಹಿಡಿಯುತ್ತೇನೆ. ಇದೊಂದು ಹೊಸ ಪದ್ಧತಿ, ಪುಸ್ತಕದಲ್ಲಿಲ್ಲ. ಪ್ರತಿ ಬಟ್ಟಲು ಮುಗಿದಾಗಲೂ ಚಿನ್ನದಂಚಿಗೆ ತೋರಿಸಿ, "ನೋಡೇ, ನಡು ತುಂಬಿತಾ?" ಎಂದು ಕೇಳುತ್ತೇನೆ. "ತುಂಬಿದೆ ಅಕ್ಕ, ಚೆನ್ನಾಗಿ ತುಂಬಿದೆ" ಅನ್ನುತ್ತಾಳೆ. ನಾಲ್ಕಕ್ಕೂ ಹಾಗೆಯೇ ಅಂದಳು.

ಇನ್ನು ಎರಡು. ಎರಡು ತಿಂಗಳಿಗೂ ಹೆಚ್ಚು ಕಾಲವಿದೆ. ಈಗ ನನಗೆ ಬೆಳಿಗ್ಗೆ ಎದ್ದರೆ ಕಾಲು ತಾನಾಗಿ ಕಾರ್ಖಾನೆ ಕಡೆ ಓಡುತ್ತದೆ. ಅರವತ್ತನೇ ವಯಸ್ಸಿನಲ್ಲಿ ಮೆಟ್ಟಿಲ ಮೇಲೆ ಗುನುಗುವವಳನ್ನು ನೋಡಿ ಕೆಳಗಿನ ಮನೆಯವರು ಬಾಗಿಲು ಹಾಕಿಕೊಂಡರು.

ಮ್ಯಾನೇಜರ್ ಎರಡು ತಿಂಗಳ ಪ್ರವಾಸ ಮುಗಿಸಿ ನಿನ್ನೆ ಬಂದರು. ಅವರ ಮೇಜಿನ ಮೇಲೆ ಕಾಗದಗಳು ಗುಡ್ಡೆ ಬಿದ್ದಿವೆಯಂತೆ. ನಾಳೆ ಹತ್ತಕ್ಕೆ ಬಂದು ಕಾಣಲು ಹೇಳಿಕಳಿಸಿದ್ದಾರೆ. ಹೆಸರನ್ನು ಯಾವ ಬಣ್ಣದಲ್ಲಿ ಬರೆಯಬೇಕು ಎಂದು ಕೇಳಲಿಕ್ಕಿರಬೇಕು. ನೀಲಿ ಅನ್ನುತ್ತೇನೆ.

ಅಕ್ಕ


ಜುಲೈ 6

ಅಕ್ಕ,

ನಾಲ್ಕು ವಾರವಾಯಿತು. ಹೆಸರಿಗೆ ನೀಲಿ ಸಿಕ್ಕಿತೇ? ಮ್ಯಾನೇಜರ್ ಸಾಹೇಬರು ಬೇರೆ ಏನಾದರೂ ಹೇಳಿದರೇ? ಯಾರೋ ಒಬ್ಬ ಅಜ್ಞಾತ ಅಭಿಮಾನಿಯ ಬಗ್ಗೆ? ನಾನು ಬರೀ ಕುತೂಹಲಕ್ಕೆ ಕೇಳುತ್ತಿದ್ದೇನೆ. ಕುತೂಹಲ ಎಷ್ಟಿದೆಯೆಂದರೆ ಅಂಚೆಯವನು ನನ್ನನ್ನು ಕಂಡರೆ ರಸ್ತೆ ದಾಟುತ್ತಾನೆ.

ತಮ್ಮ


ಆಗಸ್ಟ್ 22

ಅಕ್ಕ,

ಮೊನ್ನೆ ಇಪ್ಪತ್ತನೇ ತಾರೀಕು. ನಾವಿಬ್ಬರೂ ಹೊಸ ಬಟ್ಟೆ ಹಾಕಿಕೊಂಡು ನಿನ್ನ ಹೆಸರಿನಲ್ಲಿ ಟೀ ಕುಡಿದೆವು. ಗಾಜಿನ ಕಪಾಟಿನ ಮುಂದೆ ನಿಂತು ನೀನು ಯಾರನ್ನು ಬೈಯುತ್ತಿರಬಹುದು ಎಂದು ಮಾತಾಡಿಕೊಂಡೆವು.

ಒಂದು ಸಾಲು ಬರೆ. ಬರೀ 'ಬದುಕಿದ್ದೇನೆ' ಎಂದರೂ ಸಾಕು. ನನ್ನ ಹೆಂಡತಿ ಎರಡು ದಿನದಿಂದ ನನ್ನ ಜೊತೆ ಮಾತಾಡುತ್ತಿಲ್ಲ. ಯಾಕೆ ಅಂದರೆ, "ಮಾರ್ಚಲ್ಲೇ ಹೇಳಿದ್ದೆ" ಅನ್ನುತ್ತಾಳೆ, ಅಷ್ಟೇ.

ತಮ್ಮ


ಸೆಪ್ಟೆಂಬರ್ 5

ತಮ್ಮಾ,

ಇದು ಚಿನ್ನದಂಚಿನ ಕೈಬರಹ. ನಾನು ಹೇಳುತ್ತಿದ್ದೇನೆ, ಅವಳು ಬರೆಯುತ್ತಿದ್ದಾಳೆ.

ದೀಪಗಳು ಸೊರಗಿರಲಿಲ್ಲ. ತಪಾಸಣೆಯವನ ತಲೆಯೂ ನೆಟ್ಟಗಿತ್ತು. ಹೋಗುತ್ತಿದ್ದದ್ದು ನನ್ನ ಕಣ್ಣು. ನೋಟದ ಅಂಚು ಉಳಿಯುತ್ತದಂತೆ, ನಡು ಹೋಗುತ್ತದಂತೆ. ಮದ್ದಿಲ್ಲ.

ನಿನ್ನ ಮಾರ್ಚ್ ತಿಂಗಳ ಕಾಗದ ಬರುವವರೆಗೂ ನನಗೆ ಇದು ಗೊತ್ತಿರಲಿಲ್ಲ. ಆರೂ ಹೂವಿನ ನಡುವೆ ನಾನು ಕೇಸರ ಇಟ್ಟಿದ್ದೆ. ನನಗೆ ಅವು ಕಾಣುತ್ತಿದ್ದವು. ಕಣ್ಣು ಕೊಡದೇ ಹೋದದ್ದನ್ನು ತಲೆಯೇ ತುಂಬಿಸಿ ತೋರಿಸುತ್ತದೆ ಎಂದು ಡಾಕ್ಟರು ಹೇಳಿದರು. ನೀನು 'ನಡುವೇ ಇಲ್ಲ, ಎಂಥ ಧೈರ್ಯ' ಎಂದು ಬರೆದದ್ದನ್ನು ಭೂತಗನ್ನಡಿ ಹಿಡಿದು ನಾಲ್ಕು ಸಲ ಓದಿದೆ. ಆಮೇಲೆ ಡಾಕ್ಟರ ಹತ್ತಿರ ಹೋದೆ. ಆಮೇಲೆ ನಿನ್ನಿಂದ ಅಳತೆ ತರಿಸಿಕೊಂಡೆ.

ಜೂನ್ ಹತ್ತರಂದು ಮ್ಯಾನೇಜರ್ ಕೋಣೆಗೆ ಹೋದಾಗ ಅವರು ನೀನು ತಮಗೆ ಬರೆದಿದ್ದ ಕಾಗದ ಹಿಡಿದು ನಗುತ್ತಿದ್ದರು. "ನಿಮ್ಮ ತಮ್ಮ ಏನ್ ಚೆನ್ನಾಗಿ ಬರೀತಾರಮ್ಮ! 'ಈ ಖಾಲಿಯನ್ನು ತುಂಬಲು ಯಾರಿಗೂ ಅವಕಾಶ ಕೊಡತಕ್ಕದ್ದಲ್ಲ' ಅಂತೆ!" ಮೇಜಿನ ಮೇಲೆ ನನ್ನ ಕರಡಿನ ಜೆರಾಕ್ಸ್ ಇತ್ತು. ಪಕ್ಕದಲ್ಲಿ ತಪಾಸಣೆಯವನು ನಿಂತಿದ್ದ, ಅವನು ನಗುತ್ತಿರಲಿಲ್ಲ. "ಸಾರ್, ವಾಪಸ್ ಕಳಿಸಿದ ಬಟ್ಟಲಲ್ಲೂ ಹೀಗೇ ಆಗಿದೆ. ಇದು ಬೇಕಂತ ಮಾಡಿದ್ದಲ್ಲ ಸಾರ್" ಎಂದ. ಮೆತ್ತಗೆ ಹೇಳಿದ, ಪಾಪ.

ಮ್ಯಾನೇಜರ್ ಒಂದು ಹದಿನೇಳನೇ ನಮೂನೆಯ ಬಟ್ಟಲು, ಅದರ ಸಾಸರು ತರಿಸಿ ಮುಂದಿಟ್ಟರು. "ಏನಿಲ್ಲಮ್ಮ, ಮೊಗ್ಗಿನ ಕೆಳಗೆ ಒಂದು ಚುಕ್ಕಿ ಇಡಿ, ಸಾಕು" ಎಂದರು. ಅಲ್ಲಿ ಬೆಳಕು ಬೇರೆ ಕಡೆಯಿಂದ ಬರುತ್ತಿತ್ತು, ಮೇಜು ಎತ್ತರವಿತ್ತು. ನಿನ್ನ ಲೆಕ್ಕ ಹಿಡಿದೇ ಇಟ್ಟೆ. ಬೆರಳಿಂದ ಮುಟ್ಟಿ ನೋಡಿದೆ. ಒದ್ದೆಯಾಗಿದ್ದದ್ದು ಬಟ್ಟಲಲ್ಲ, ಸಾಸರು.

"ನಾಳೆಯಿಂದ ವಿಶ್ರಾಂತಿ ತಗೊಳ್ಳಿ" ಎಂದರು. ಆಗಸ್ಟ್‌ವರೆಗೆ ಬಿಡಿ, ಎರಡೇ ಎರಡು ಬಟ್ಟಲು, ಆಮೇಲೆ ಗೇಟಿನ ಹತ್ತಿರವೂ ಸುಳಿಯುವುದಿಲ್ಲ ಎಂದೆ. ಆಗುವುದಿಲ್ಲ ಎಂದರು. ಮುಗಿದ ನಾಲ್ಕನ್ನಾದರೂ ಮನೆಗೆ ಕೊಡಿ ಎಂದೆ. ಅಪೂರ್ಣ ಸೆಟ್ಟು ಗೇಟು ದಾಟುವಂತಿಲ್ಲ, ಒಡೆದು, ಹೂವು ಬರೆದವರ ಸಹಿಯನ್ನು ರಿಜಿಸ್ಟರಿನಲ್ಲಿ ಹಾಕಿಸಬೇಕು. ನಮ್ಮಲ್ಲಿ ಮೊದಲಿನಿಂದಲೂ ಇರುವ ನಿಯಮ, ನಾನೇ ಎಷ್ಟೋ ಜನರಿಗೆ ಹೇಳಿದ್ದೇನೆ. ಕಣ್ಣೆದುರಿಗೇ ಒಡೆದರು ಎಂದು ಬರೆಯಬೇಕು, ಆದರೆ ನನಗೆ ಕೇಳಿಸಿತು ಅಷ್ಟೇ. ಸಹಿ ಎಲ್ಲಿ ಹಾಕಬೇಕೆಂದು ಚಿನ್ನದಂಚು ನನ್ನ ಬೆರಳು ಹಿಡಿದು ತೋರಿಸಿದಳು. ಕಾರ್ಖಾನೆಯಲ್ಲಿ ನಾನು ಬರೆದ ಹೂವಿನ ಮುಂದೆ ನನ್ನ ಹೆಸರು ಬಿದ್ದದ್ದು ಅಲ್ಲೊಂದೇ ಕಡೆ.

ಸಿಟ್ಟಿಲ್ಲ ಎಂದು ಬರೆಸುವುದಿಲ್ಲ. ಈ ಮೂರು ತಿಂಗಳು ಬರೆಯದೇ ಇದ್ದದ್ದು ಸಿಟ್ಟಿನಿಂದಲೇ. ನಾನು ಒಂದು ಮಾತು ಮುಂಚೆಯೇ ಹೇಳಿದ್ದರೆ ನೀನು ಹಾಗೆ ಬರೆಯುತ್ತಿರಲಿಲ್ಲ. ಅದು ನನಗೆ ಗೊತ್ತು. ಗೊತ್ತಿದ್ದರೂ ಸಿಟ್ಟು ಹೋಗುವುದಿಲ್ಲ.

ನಾಲ್ಕೂ ಬಟ್ಟಲಿನ ನಡು ತುಂಬಿತ್ತು. ಅದೊಂದು ಇದೆ ನನ್ನ ಹತ್ತಿರ.

ಅಕ್ಕ

(ಅಣ್ಣಾ, ಇದನ್ನು ಬರೆಯುತ್ತಿರುವವಳು ಚಿನ್ನದಂಚು. ಅಕ್ಕ ನಿಮ್ಮನ್ನು ಬೈದ ಎರಡು ಮಾತು ಬಿಟ್ಟಿದ್ದೇನೆ, ಅವು ನಿಮಗೆ ಬೇಡ. ಇನ್ನೊಂದು ವಿಷಯ ಅಕ್ಕನಿಗೆ ಹೇಳಿಲ್ಲ. ನಡು ತುಂಬಿದ್ದದ್ದು ನಾಲ್ಕರಲ್ಲಿ ಎರಡರದ್ದು ಮಾತ್ರ. ಉಳಿದೆರಡರಲ್ಲಿ ಚುಕ್ಕಿಗಳು ದಳದ ಮೇಲೆ ಚೆಲ್ಲಿದ್ದವು. ಅಕ್ಕನ ಮುಖ ನೋಡಿಕೊಂಡು ನನಗೆ ಬೇರೆ ಹೇಳಲು ಬಾಯಿ ಬರಲಿಲ್ಲ. ನೀವೂ ಹೇಳಬೇಡಿ.)


ಸೆಪ್ಟೆಂಬರ್ 17

ಅಕ್ಕ,

ಎಂಟು ಪುಟ ಬರೆದೆ. ಮೊದಲನೇ ಸಾಲಿನಲ್ಲೇ ಒಂದು ತಮಾಷೆ ನುಸುಳಿತ್ತು, ಹರಿದು ಹಾಕಿದೆ. ಮತ್ತೆ ಬರೆದೆ, ಮತ್ತೆ ನುಸುಳಿತು. ನನಗೆ ಬೇರೆ ಥರ ಬರೆಯಲು ಬರುವುದೇ ಇಲ್ಲ ಎಂದು ಈ ವಯಸ್ಸಿನಲ್ಲಿ ಗೊತ್ತಾಯಿತು. ಆ ಮ್ಯಾನೇಜರಿಗೂ ಹಾಗೆಯೇ ಬರೆದದ್ದು. ಅವರು ನಗಬೇಕು, ನಕ್ಕು ನಿನಗೆ ಆರರ ಬದಲು ಅರವತ್ತು ಬಟ್ಟಲು ಕೊಡಬೇಕು ಎಂದುಕೊಂಡಿದ್ದೆ. ನಕ್ಕರಲ್ಲ, ಅದೊಂದು ಆಯಿತು.

ನಾಲ್ಕೂ ಬಟ್ಟಲು ತುಂಬಿದ್ದವು ಎಂದು ಓದಿ ಜೀವ ಬಂತು. ನಾಲ್ಕೂ ತುಂಬಿದ್ದವು, ಅಕ್ಕ. ಯಾರು ಏನೇ ಒಡೆಯಲಿ, ನಾಲ್ಕೂ ತುಂಬಿದ್ದವು, ಅದನ್ನು ಯಾರೂ ಕಿತ್ತುಕೊಳ್ಳಲಾರರು.

ನನ್ನ ಹೆಂಡತಿ ನಿನಗೆಂದು ಒಂದು ಕೋಣೆ ಖಾಲಿ ಮಾಡಿದ್ದಾಳೆ. "ಅತ್ತಿಗೆಯನ್ನ ಕರಕೊಂಡು ಬನ್ನಿ, ಇಲ್ಲಾಂದ್ರೆ ನೀವೂ ಅಲ್ಲೇ ಇರಿ" ಎಂದಿದ್ದಾಳೆ. ಬಂದುಬಿಡು. ಅಥವಾ ನಾನೇ ಬರಲೇ? ನವೆಂಬರ್ ಮೊದಲ ವಾರ ರಜೆ ಹಾಕಿದ್ದೇನೆ. ಬರಬೇಡ ಎಂದರೆ ಬರುವುದಿಲ್ಲ.

ತಮ್ಮ


ಅಕ್ಟೋಬರ್ 10

ಮೊದ್ದು,

ಇದನ್ನು ನಾನೇ ಬರೆಯುತ್ತಿದ್ದೇನೆ, ರಟ್ಟಿನ ಪಟ್ಟಿ ಅಡ್ಡ ಇಟ್ಟುಕೊಂಡು. ಸಾಲಿನ ಮೇಲೆ ಸಾಲು ಹತ್ತಿ ಕೂತಿದ್ದರೆ ಬಿಡಿಸಿ ಓದಿಕೋ. ವಿಳಾಸ ಅಳಿಸಿದ್ದನ್ನೇ ಓದುವವನಿಗೆ ಇದೇನು ಮಹಾ.

ನಿನ್ನ ಕಾಗದವನ್ನು ಚಿನ್ನದಂಚು ಓದಿ ಹೇಳಿದಳು. 'ನಾಲ್ಕೂ ತುಂಬಿದ್ದವು' ಎಂದು ಒಂದು ಸಲ ಬರೆದಿದ್ದರೆ ನಂಬುತ್ತಿದ್ದೆ. ಮೂರು ಸಲ ಬರೆದಿದ್ದೀಯ. ಓದುವಾಗ ಅವಳೂ ಅಲ್ಲಿಯೇ ತಡವರಿಸಿದಳು. ಇರಲಿ. ಎಷ್ಟು ತುಂಬಿದ್ದವು ಎಂದು ನಿಮ್ಮಿಬ್ಬರನ್ನೂ ಕೇಳುವುದಿಲ್ಲ. ಒಂದಾದರೂ ತುಂಬಿತ್ತೋ ಇಲ್ಲವೋ ಎಂದೂ ಕೇಳುವುದಿಲ್ಲ. ಅದಕ್ಕೇ ಈ ಕಾಗದ ನಾನೇ ಬರೆದದ್ದು. ನನಗೆ ಗೊತ್ತಾಗಿದೆ ಎಂದು ಅವಳಿಗೆ ಗೊತ್ತಾಗುವುದು ಬೇಡ, ನಾಳೆಯೂ ಬರಬೇಕಲ್ಲ ಅವಳು.

ನಿಮ್ಮ ಮನೆಗೆ ಬರುವುದಿಲ್ಲ. ಇಲ್ಲಿ ಹದಿನಾಲ್ಕು ಮೆಟ್ಟಿಲು, ತಿರುವಿನಲ್ಲಿ ಒಂದು ಮುರಿದದ್ದು, ಕಾಲಿಗೆ ಗೊತ್ತಿದೆ. ಅಲ್ಲಿ ಎಲ್ಲವನ್ನೂ ಹೊಸದಾಗಿ ಕಲಿಯಬೇಕು. ಕಲಿತು ಏನು ನೋಡಬೇಕು?

ಕೈಯಲ್ಲಿ ಮಣ್ಣು ಹಿಡಿದು ಹೂವು ಮಾಡಿ, ಸ್ಪರ್ಶದಿಂದ ಮಾಡಬಹುದು ಎಂದು ಡಾಕ್ಟರು ಹೇಳಿಕೊಟ್ಟರು. ಒಂದು ವಾರ ಮಾಡಿದೆ. ಅವು ಅಂಗಿಯ ಗುಂಡಿಗಳ ಥರ ಇವೆ. ನನಗೆ ಬೇಕಾದ್ದು ಆಕಾರ ಅಲ್ಲ, ಸಂಜೆ ನಾಲ್ಕರ ಬಣ್ಣ. ಅದು ಬೆರಳಿಗೆ ಸಿಗುವುದಿಲ್ಲ. ಎದುರು ಮನೆಯವರ ಕುಂಡದಲ್ಲಿ ಏನೋ ಕೆಂಪಗೆ ಬಿಟ್ಟಿದೆ. ಅದನ್ನು ನೋಡಬೇಕಾದರೆ ಪಕ್ಕದ ಗೋಡೆಯನ್ನು ನೋಡಬೇಕು, ಆಗ ಅಂಚಿನಲ್ಲಿ ಕೆಂಪು ಬಂದು ನಿಲ್ಲುತ್ತದೆ. ಸುಮ್ಮನಿರಲಾರದೆ ತಿರುಗಿ ನೋಡುತ್ತೇನೆ, ಅಳಿಸಿಹೋಗುತ್ತದೆ. ಯಾವ ಹೂವು ಎಂದು ಇನ್ನೂ ಗೊತ್ತಾಗಿಲ್ಲ. ದಿನಾ ಇದೇ ಕೆಲಸ. ಬದುಕಿದ್ದೇನೆ ಎಂದು ಒಂದು ಸಾಲು ಬರೆ ಎಂದಿದ್ದೆಯಲ್ಲ, ಬದುಕಿರುವುದು ಎಂದರೆ ಸದ್ಯಕ್ಕೆ ಇಷ್ಟು.

ಸಿಟ್ಟು ಇನ್ನೂ ಇದೆ. ನೀನು ಬಂದರೆ ಬೈಯುತ್ತೇನೆ, ಬರದಿದ್ದರೆ ಇನ್ನೂ ಜಾಸ್ತಿ ಬೈಯುತ್ತೇನೆ. ಅದಕ್ಕೇ ಬಾ.

ಬರುವಾಗ ಒಂದು ಸಣ್ಣ ಉಪಕಾರ ಮಾಡು. ನನ್ನ ಹತ್ತೊಂಬತ್ತು ಕುಂಚಗಳನ್ನು ತೊಳೆದು ಬಿಳಿ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಅಳಿಲಿನ ಕೂದಲಿನವು, ಸುಮ್ಮನೆ ಬಿಟ್ಟರೆ ನುಸಿ ತಿಂದುಬಿಡುತ್ತದೆ. ಯಾರಿಗಾದರೂ ಕೊಟ್ಟುಬಿಡು ಎಂದು ಎಲ್ಲರೂ ಹೇಳುತ್ತಾರೆ, ಕೈ ಬರುವುದಿಲ್ಲ. ನಾಲ್ಕು ನುಸಿಗುಳಿಗೆ ತಾ. ಇಲ್ಲಿ ಸಿಗುವುದು ಬಿಳಿಯವು, ಬಿಳಿ ಬಟ್ಟೆಯೊಳಗೆ ಎಲ್ಲಿಟ್ಟೆನೆಂದು ನನಗೆ ತಿಳಿಯುವುದಿಲ್ಲ. ನಿಮ್ಮ ಕಡೆ ಬಣ್ಣದವು ಸಿಗುತ್ತವಂತೆ. ನೀಲಿ ಇದ್ದರೆ ನೋಡು.

ಅಕ್ಕ